ಬೈರಪ್ಪ ಹಿಡಿದ ಟಗರು

ಮಲ್ಲತ್ತಹಳ್ಳಿಯ ಬೈರಪ್ಪ ಕೂತು ಉಂಡದ್ದನ್ನು ಕಂಡವರು ಕಡಿಮೆ. ತಟ್ಟೆಯನ್ನು ಅಂಗೈ ಮೇಲಿಟ್ಟುಕೊಂಡು ಜಗಲಿಗೂ ಹಿತ್ತಲಿಗೂ ತಿರುಗುತ್ತಲೇ ಮುದ್ದೆ ನುಂಗುವ ಆಸಾಮಿ. ಹೊಲ ಇದ್ದಾಗ ಕೆಲಸವಿಲ್ಲದಿದ್ದರೂ ಬದುವಿನ ಮೇಲೆ ನಡೆಯುತ್ತಿದ್ದ. ಹೊಲ ಬಡಾವಣೆಗೆ ಹೋಗಿ, ರಾಗಿ ಬೆಳೆದ ಜಾಗದಲ್ಲಿ ಸೈಟಿನ ಕಲ್ಲು ನೆಟ್ಟ ಮೇಲೆ ರಾಜಾಜಿನಗರದ ಕಡೆ ಒಂದು ಕಾರ್ಖಾನೆ ಸೇರಿದ. ಎರಕ ಹೊಯ್ದ ಕಬ್ಬಿಣದ ಅಂಚನ್ನು ಗ್ರೈಂಡಿಂಗ್ ಮೆಷಿನ್ ಹಿಡಿದು ಉಜ್ಜುವ ಕೆಲಸ. ಅಲ್ಲೂ ಇಡೀ ದಿನ ನಿಂತೇ ಇರಬೇಕು. ಅದು ಅವನಿಗೆ ಹಿಡಿಸಿತು.

ಅವನ ಹೆಸರು ನಡೆದದ್ದು ಮಾತ್ರ ಕಬ್ಬಿಣದಿಂದಲ್ಲ, ಕುರಿಯಿಂದ. ನಾಗರಭಾವಿಯಿಂದ ಕೆಂಗೇರಿವರೆಗೆ ಯಾರ ಮನೆಯಲ್ಲಿ ಬಾಡೂಟವಿದ್ದರೂ ಟಗರು ಆರಿಸಲು ಬೈರಪ್ಪನನ್ನೇ ಕರೆದೊಯ್ಯುತ್ತಿದ್ದರು. ಬೇರೆಯವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಇಲ್ಲವೇ ಕೊಂಬು ಹಿಡಿದು ಅಲ್ಲಾಡಿಸುತ್ತಾರೆ. ಇವನು ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನುಮೂಳೆಯ ಎರಡೂ ಮಗ್ಗುಲಿಗೆ ಬೆರಳ ತುದಿ ಊರಿ ಮೆಲ್ಲಗೆ ಅದುಮುತ್ತಿದ್ದ. ಅಲ್ಲಿಂದ ಬಾಲದ ಬುಡಕ್ಕೆ ಸರಿಯುತ್ತಿದ್ದ. ಒಳಗೆ ಮಾಂಸ ಎಷ್ಟಿದೆ, ಕೊಬ್ಬು ಎಷ್ಟಿದೆ, ಎಳೆಯದೋ ಬಲಿತದ್ದೋ ಎಲ್ಲವೂ ಆ ತುದಿಗೆ ಬರುತ್ತಿತ್ತು. ಒಪ್ಪಿಗೆಯಾದರೆ ಕಿವಿ ಹಿಡಿಯುವನು. ಆಗದಿದ್ದರೆ ಟವೆಲಿಗೆ ಕೈ ಒರೆಸಿಕೊಂಡು ಮುಂದಕ್ಕೆ. ಬಾಯಿಯಿಂದ ಒಂದು ಮಾತು ಬೀಳುತ್ತಿರಲಿಲ್ಲ. ಅವನು ಕಿವಿ ಹಿಡಿದದ್ದನ್ನು ಆಮೇಲೆ ಯಾರೂ ಇನ್ನೊಮ್ಮೆ ಮುಟ್ಟಿ ನೋಡುತ್ತಿರಲಿಲ್ಲ.

ಬೆನ್ನಿನ ಆ ಜಾಗಕ್ಕೆ ಅಷ್ಟು ಬೆಲೆ ಯಾಕೆಂದರೆ, ಸೊಂಟದ ತುಂಡು ಬರುವುದು ಅಲ್ಲಿಂದ. ಅಂಗೈ ಅಗಲ, ಎರಡು ಬೆರಳು ದಪ್ಪ ಕೊಯ್ದು, ಇಡಿಯಾಗಿ ಬೇಯಿಸಿ ಬೀಗರ ಎಲೆಗೆ ಹಾಕುವ ತುಂಡು ಅದು. ಒಳ್ಳೆಯ ಟಗರಿನದಾದರೆ ಹೆಬ್ಬೆರಳು ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಕೆಟ್ಟದ್ದಾದರೆ ಚಪ್ಪಲಿಯ ಅಟ್ಟೆ. ಎಷ್ಟು ಖಾರ ಅರೆದು ಸುರಿದರೂ ಅದನ್ನು ಮುಚ್ಚಿಡಲಾಗದು.

ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಬೈರಪ್ಪನ ಮಗ ಚನ್ನಕೇಶವನ ಮದುವೆಯಾಯಿತು. ಹೆಣ್ಣು ಕುಂಬಳಗೋಡಿನ ದೊಡ್ಡಹನುಮಯ್ಯನ ಮಗಳು. ಮದುವೆಯ ಸಿಹಿಯೂಟವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಆಮೇಲೆ ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನು ಕರೆದು ಹಾಕುವ ಬೀಗರೂಟವನ್ನು ಮಾತ್ರ ಜನ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಛತ್ರದ ಬಾಗಿಲಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಾ ದೊಡ್ಡಹನುಮಯ್ಯ ಹತ್ತು ಜನರೆದುರು ಕೇಳಿಯೇಬಿಟ್ಟ.

"ಬೀಗ್ರೇ, ನಮ್ಮೂರಿಂದ ಒಂದು ಲಾರಿ ಜನ ಬರ್ತೀವಿ. ನೀವು ಲೇಔಟಿನೋರು ಬಾಡನ್ನ ಬೀನ್ಸು ಹೆಚ್ಚಿದಂಗೆ ಹೆಚ್ತೀರಂತೆ, ನಿಜವಾ?"

"ಬಂದು ನೋಡಿ ಬೀಗ್ರೇ. ಒಂದು ತುಂಡು ತಿಂದು ಎರಡನೇದಕ್ಕೆ ಜಾಗ ಇದ್ರೆ ಹೇಳಿ" ಎಂದ ಬೈರಪ್ಪ.

ಸುತ್ತ ನಿಂತವರು ನಕ್ಕರು. ಬೈರಪ್ಪನೂ ನಕ್ಕ. ಆದರೆ ಅವನ ಬೆರಳು ಸತ್ತಿದ್ದವು. ಅದು ಅವನೊಬ್ಬನಿಗೇ ಗೊತ್ತಿತ್ತು.

ಚಳಿಗಾಲದಲ್ಲೇ ತಿಳಿದಿತ್ತು. ಕೋಲಿನಿಂದ ಆಗ ತಾನೆ ತಿರುವಿ ಇಳಿಸಿದ ಮುದ್ದೆಯನ್ನು ಮುರಿದು ನುಂಗಿ ಎದ್ದಿದ್ದ. ಕೈ ತೊಳೆಯುವಾಗ ನೋಡಿದರೆ ಬೆರಳ ತುದಿಗಳಲ್ಲಿ ಬೊಬ್ಬೆ. ಸುಟ್ಟದ್ದೇ ಗೊತ್ತಾಗಿರಲಿಲ್ಲ. ಹೆಂಡತಿ ರಾಮಮ್ಮ ಕೇಳಿದ್ದಕ್ಕೆ ಕಾರ್ಖಾನೆಯಲ್ಲಿ ಕಾದ ಕಬ್ಬಿಣ ತಾಗಿತು ಎಂದುಬಿಟ್ಟ. ಡಾಕ್ಟರು ಕೈ ತಿರುಗಿಸಿ ನೋಡಿ, ವರ್ಷಗಟ್ಟಲೆ ಮೆಷಿನ್ನಿನ ಅದುರಾಟಕ್ಕೆ ನರ ಮಲಗಿಬಿಟ್ಟಿವೆ, ಏಳುತ್ತವೆ ಎಂದು ಹೇಳಲಾರೆ ಎಂದರು. ಬೈರಪ್ಪ ಅದನ್ನು ಯಾರ ಕಿವಿಗೂ ಹಾಕಲಿಲ್ಲ. ಟಗರಿಗೆ ಕರೆದವರಿಗೆ ಸೊಂಟ ನೋವು, ಶಿಫ್ಟು ಇದೆ ಎಂದು ಸಾಗಹಾಕಿದ. ಈಗ ಕರೆದದ್ದು ತನ್ನದೇ ಮನೆ. ಯಾವ ನೆಪ ಹೇಳುವುದು?

ಬೀಗರೂಟದ ವಾರ ಕಾರ್ಖಾನೆಗೆ ರಜೆ ಹಾಕಿದ. ಮೊದಲು ಉಲ್ಲಾಳದ ದೊಡ್ಡಿಗೆ ಹೋದ. ಟಗರಿನ ಬೆನ್ನ ಮೇಲೆ ಬೆರಳೂರಿದರೆ ಹಲಗೆ ಮುಟ್ಟಿದ ಹಾಗಾಯಿತು. ಜೋರಾಗಿ ಅದುಮಿದ. ಟಗರು ಬ್ಯಾ ಎಂದು ಕೊಸರಿಕೊಂಡಿತೇ ವಿನಾ ಬೆರಳು ಏನೂ ಹೇಳಲಿಲ್ಲ. ಟವೆಲಿಗೆ ಕೈ ಒರೆಸಿಕೊಂಡು ನಡೆದ. ಹೇರೋಹಳ್ಳಿಯಲ್ಲೂ ಅದೇ ಆಯಿತು. ಮಾಗಡಿ ರಸ್ತೆಯ ತೋಟವೊಂದರಲ್ಲಿ ಕುರಿಯವನು ಹಿಂಡಿ ತಿನ್ನಿಸಿ ಬೆಳೆಸಿದ ಜೊತೆಯನ್ನು ತಾನಾಗಿ ತಂದು ಮುಂದೆ ನಿಲ್ಲಿಸಿದ. ಅದಕ್ಕೂ ಬೈರಪ್ಪ ಕೈ ಒರೆಸಿಕೊಂಡ. ಕಣ್ಣಿಗೇನೋ ಅವು ಚೆನ್ನಾಗಿಯೇ ಕಂಡಿದ್ದವು. ಆದರೆ ಕಣ್ಣಿನಿಂದ ಟಗರು ಕೊಂಡವರನ್ನು ಅವನು ಜೀವಮಾನವೆಲ್ಲ ಗೇಲಿ ಮಾಡಿದ್ದ.

ಅವನು ಬೇಡವೆಂದಷ್ಟೂ ಅವನ ಹೆಸರು ಏರಿತು. "ಮಗನ ಬೀಗರೂಟಕ್ಕೆ ಬೈರಪ್ಪಣ್ಣ ಇಂದ್ರಲೋಕದ ಟಗರು ಹುಡುಕ್ತಾವ್ನೆ ಕಣ್ರಲಾ" ಎಂದು ಬಸ್‌ಸ್ಟಾಪಿನಲ್ಲಿ ಮಾತಾಯಿತು. ಕೇಳಿಸಿಕೊಂಡ ಬೈರಪ್ಪ ಆ ಬಸ್ಸು ಹತ್ತದೆ ನಡೆದೇ ಹೋದ.

ಕೊನೆಗೆ ಅವನ ಕಾಲು ಅವನನ್ನು ವಿಜಯನಗರದ ಮಟನ್ ಅಂಗಡಿಗೆ ಎಳೆದುಕೊಂಡು ಹೋಯಿತು. ಕೊಯ್ದ ಮಾಂಸಕ್ಕೆ ಬೆರಳು ಬೇಕಿಲ್ಲ. ಬಣ್ಣ, ಎಳೆ, ಕೊಬ್ಬಿನ ಬಿಳುಪು ಕಣ್ಣಿಗೇ ಕಾಣುತ್ತದೆ. ಅಂಗಡಿಯ ವೆಂಕಟಗಿರಿ ಕತ್ತಿ ಎತ್ತಿದವನು ಹಾಗೇ ನಿಂತ.

"ಏನ್ ಬೈರಪ್ಪಣ್ಣಾ, ದಾರಿ ತಪ್ಪುದ್ರಾ? ನಮ್ಮ ಅಂಗಡೀಲಿ ನೀವು!"

"ಸುಮ್ನೆ ಬಂದೆ. ಒಂದು ಲಾರಿ ಜನಕ್ಕೆ ಆಗೋಷ್ಟು ಸೊಂಟದ ತುಂಡು ಕೊಡೋಕಾಗುತ್ತಾ?"

"ಒಂದು ಟಗರಿಗೆ ಒಂದೇ ಸೊಂಟ ಅಣ್ಣ. ಅಷ್ಟು ಸೊಂಟ ನಾನೇನು ಗಿಡದಲ್ಲಿ ಕೀಳ್ಲಾ? ತೊಡೆ, ಪಕ್ಕೆ, ಕತ್ತು ಎಲ್ಲಾ ಸೇರ್ಸಿ ಕೊಡ್ತೀನಿ. ಖಾರ ಜಾಸ್ತಿ ಹಾಕ್ಸಿ, ಬೀಗ್ರಿಗೆ ಯಾವ್ದು ಏನು ಅಂತ ಗೊತ್ತಾಗಲ್ಲ."

ಸಾಲಿನಲ್ಲಿ ನಿಂತವರಲ್ಲಿ ಇಬ್ಬರು ಪರಿಚಯದವರು ತಿರುಗಿ ನೋಡಿದರು. ಬೈರಪ್ಪ ಬೀಡಿ ತರಲು ಬಂದವನ ಹಾಗೆ ಪಕ್ಕದ ಪೆಟ್ಟಿಗೆ ಅಂಗಡಿಗೆ ಸರಿದು, ಅಲ್ಲಿಂದ ಹಾಗೇ ಮನೆಯ ದಾರಿ ಹಿಡಿದ.

ಉಳಿದದ್ದು ಶುಕ್ರವಾರದ ಸಂತೆ. ಕೆಂಗೇರಿಗೆ ಅವನ ಜೊತೆ ಮುನಿರಾಮಯ್ಯನೂ ಬಂದ. ಚಂದ್ರಾ ಲೇಔಟಿನಲ್ಲಿ ದಿನಸಿ ಅಂಗಡಿ ಇಟ್ಟವನು, ಬೈರಪ್ಪನ ಹಳೆಯ ಸ್ನೇಹಿತ. ಮೊಮ್ಮಗನ ಮುಡಿ ತೆಗೆಸುವ ಊಟಕ್ಕೆ ಅವನಿಗೂ ಒಂದು ಟಗರು ಬೇಕಿತ್ತು. "ನೀನು ಕಿವಿ ಹಿಡಿ, ನಾನು ಹಗ್ಗ ಹಿಡೀತೀನಿ" ಎಂದು ಬಸ್ಸಿನುದ್ದಕ್ಕೂ ಅಂದದ್ದನ್ನೇ ಅನ್ನುತ್ತಿದ್ದ.

ಸಂತೆಯಲ್ಲಿ ಒಳ್ಳೆಯ ಕುರಿಗಳೆಲ್ಲ ಕೆಂಪಯ್ಯನ ಬಳಿ. ಅವನು ಹುಟ್ಟಾ ದಲ್ಲಾಳಿ. ಬೈರಪ್ಪ ಎಷ್ಟೋ ಸಲ ಜನರೆದುರಿಗೆ ಅವನ ಕುರಿಯ ಬೆನ್ನು ಅದುಮಿ ಕೈ ಒರೆಸಿಕೊಂಡು ಹೋಗಿ ಅವನ ಮುಖ ಸಣ್ಣದು ಮಾಡಿದ್ದ. ಈ ಸಲ ಬೈರಪ್ಪ ಬಂದದ್ದೇ ಸುತ್ತ ಜನ ಕೂಡಿದರು. ಒಂದನ್ನು ಅದುಮಿದ, ಬಿಟ್ಟ. ಇನ್ನೊಂದನ್ನು ಅದುಮಿದ, ಬಿಟ್ಟ. ಬಿಸಿಲು ನೆತ್ತಿಗೆ ಬಂತು. ನಾಡಿದ್ದು ಭಾನುವಾರವೇ ಬೀಗರೂಟ. ಮುನಿರಾಮಯ್ಯ "ಇದಾ? ಅದಾ?" ಎಂದು ಬೆನ್ನ ಹಿಂದೆ ನಿಂತು ಜೀವ ತಿನ್ನುತ್ತಿದ್ದ. ಬೈರಪ್ಪನಿಗೆ ಅಲ್ಲಿ ಇನ್ನೊಂದು ಗಳಿಗೆ ನಿಲ್ಲಲಾಗಲಿಲ್ಲ. ಎದುರಿಗೆ ಉಬ್ಬಿಕೊಂಡು ನಿಂತಿದ್ದ, ಸುರುಳಿ ಕೊಂಬಿನ, ದಟ್ಟ ಉಣ್ಣೆಯ ಟಗರಿನ ಕಿವಿ ಹಿಡಿದುಬಿಟ್ಟ. ಅದೇ ಹಿಂಡಿನ ಇನ್ನೆರಡನ್ನು ಹಾಗೇ ಕೈಯಲ್ಲಿ ತೋರಿಸಿದ.

"ಹಿಡಿದ ಕಣಪ್ಪಾ!" ಎಂದು ಯಾರೋ ಕೂಗಿದರು. ಅದೇ ಹಿಂಡಿನಲ್ಲಿ ಉಳಿದ ಇನ್ನೊಂದಕ್ಕೆ ಮುನಿರಾಮಯ್ಯ ಆಗಲೇ ಹಗ್ಗ ಹಾಕಿಯಾಗಿತ್ತು.

ಕೆಂಪಯ್ಯ ಹುಬ್ಬು ಗಂಟಿಕ್ಕಿ ಬೈರಪ್ಪನನ್ನೇ ನೋಡಿದ. ಹೆಗಲ ಟವೆಲ್ ತೆಗೆದು ತನ್ನ ಕೈ ಮೇಲೆ ಹೊದಿಸಿದ. ಸಂತೆಯಲ್ಲಿ ಬೆಲೆಯನ್ನು ಬಾಯಿಯಲ್ಲಿ ಹೇಳುವುದಿಲ್ಲ. ಟವೆಲಿನ ಮರೆಯಲ್ಲಿ ಕೈಗೆ ಕೈ ಕೊಟ್ಟು ಬೆರಳು ಅದುಮಿಯೇ ಕೇಳುವುದು, ಬೆರಳು ಅದುಮಿಯೇ ಒಪ್ಪುವುದು. ಬೈರಪ್ಪ ಟವೆಲಿನ ಕೆಳಗೆ ಕೈ ತೂರಿಸಿದ. ಕೆಂಪಯ್ಯ ಅದುಮಿದನೋ ಇಲ್ಲವೋ, ಯಾವ ಬೆರಳು ಅದುಮಿದನೋ ಅವನಿಗೆ ತಿಳಿಯಲಿಲ್ಲ. ಸುಮ್ಮನೆ ತಲೆ ಅಡ್ಡಡ್ಡ ಆಡಿಸಿದ. ಕೆಂಪಯ್ಯ ಮತ್ತೆ ಅದುಮಿದ. ಬೈರಪ್ಪ ಮತ್ತೆ ತಲೆಯಾಡಿಸಿದ. ನೋಡುತ್ತಿದ್ದವರು "ಎಂಥಾ ಗಟ್ಟಿ ಆಸಾಮಿ ನೋಡ್ಲಾ" ಎಂದು ಮೆಚ್ಚಿಕೊಂಡರು. ಮೂರನೆಯ ಸಲ ಟವೆಲು ಬಿಗಿಯಾಗಿ ಅಲುಗಿತು. ಕೆಂಪಯ್ಯ ಬೆರಳ ತುದಿಗೆ ಉಗುರೂರಿ ಹಿಂಡುತ್ತಿದ್ದ. ಕಣ್ಣು ಬೈರಪ್ಪನ ಮುಖದ ಮೇಲೆಯೇ ಇತ್ತು. ಆ ಮುಖದಲ್ಲಿ ಏನೂ ಕದಲಲಿಲ್ಲ.

ಕೆಂಪಯ್ಯ ಟವೆಲ್ ಎಳೆದುಕೊಂಡು ಹೆಗಲಿಗೆ ಹಾಕಿದ. ಆಮೇಲೆ ಬೆಲೆಯನ್ನು ಬಾಯಿ ಬಿಟ್ಟು ಹೇಳಿದ.

ದಲ್ಲಾಳಿ ಬಾಯಿ ಬಿಟ್ಟು ಬೆಲೆ ಹೇಳಿದ್ದು ಯಾಕೆಂದು ಅಲ್ಲಿ ಬೇರೆ ಯಾರಿಗೂ ಹೊಳೆಯಲಿಲ್ಲ. ಬೈರಪ್ಪನಿಗೆ ಹೊಳೆಯಿತು. ಇವನಿಗೆ ಗೊತ್ತಾಗಿದೆ. ಗೊತ್ತಾಗಿಯೂ ಸುಮ್ಮನಿದ್ದಾನೆ. ಹಾಗಾದರೆ ಟಗರು ಹೇಗಿರಬಹುದು?

ಮನೆಗೆ ತಂದು ಹಿತ್ತಲಿನಲ್ಲಿ ಕಟ್ಟಿದರೂ ಆ ಪ್ರಶ್ನೆ ಬಿಡಲಿಲ್ಲ. ಶನಿವಾರ ಬೆಳಗ್ಗೆ ಟಗರನ್ನು ಅದುಮಿದ, ಸುತ್ತಿದ, ಮತ್ತೆ ಅದುಮಿದ. ಮುಂಗೈ ಒತ್ತಿ ನೋಡಿದ, ಮೊಣಕೈ ಊರಿ ನೋಡಿದ. ಕೊನೆಗೆ ಮಂಡಿಯೂರಿ ಕೂತು ಟಗರಿನ ಸೊಂಟದ ಮೇಲೆ ಕೆನ್ನೆ ಇಟ್ಟ. ಅಲ್ಲಿಗೆ ರಾಮಮ್ಮ ಮುಸುರೆ ಬಕೆಟ್ಟು ಹಿಡಿದು ಬಂದಳು.

"ಏನ್ರೀ ಇದು, ಮಗೂನ ಮುದ್ದಾಡ್ದಂಗೆ! ಬೀಗ್ರು ನೋಡ್ಬೇಕು ನಿಮ್ಮನ್ನ."

"ಸುಮ್ನಿರೇ. ಹದ ನೋಡ್ತಾ ಇದೀನಿ."

"ಕೆನ್ನೇಲಾ?"

ಬೈರಪ್ಪ ಎದ್ದು ಮಂಡಿ ಕೊಡವಿಕೊಂಡ. ರಾಮಮ್ಮ ಬಕೆಟ್ಟು ಕೆಳಗಿಟ್ಟಳು.

"ಬೆರಳು ಹೋದದ್ದು ಯಾವಾಗ ಹೇಳೋಣ ಅಂತಿದ್ರಿ?"

"ನಿಂಗ್ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಕಬ್ಬಿಣ ತಾಗ್ತು ಅಂದ್ರಿ. ಕಬ್ಬಿಣ ತಾಗಿದ್ರೆ ಒಂದು ಕಡೆ ಸುಡುತ್ತೆ. ಐದೂ ಬೆರಳ ತುದಿ ಸುಡೋದು ಮುದ್ದೆ ಮುರಿಯೋನಿಗೆ ಕಣ್ರೀ."

"ಗೊತ್ತಿದ್ದೂ ಬಾಯಿ ಬಿಡ್ಲಿಲ್ವಲ್ಲೇ ನೀನು!"

"ನೀವು ಬಿಟ್ರಾ?"

ಬೈರಪ್ಪ ಹಿತ್ತಲಿನ ಆ ತುದಿಗೆ ಹೋಗಿ ತಿರುಗಿ ಬಂದ. ಆಮೇಲೆ ಯಾರಿಗೂ ಹೇಳಿಕೊಡದಿದ್ದ ವಿದ್ಯೆಯನ್ನು ಟಗರಿನ ಪಕ್ಕ ನಿಂತು ಅವಳಿಗೆ ಹೇಳಿಕೊಟ್ಟ. "ಎಡಗೈ ಮುಷ್ಟಿ ಕಟ್ಟು. ಬಲಗೈ ಬೆರಳಲ್ಲಿ ಗೆಣ್ಣಿನ ಮೇಲೆ ಸವರು. ಬೆನ್ನು ಹಂಗಿದ್ರೆ ಟಗರು ಬಡಕಲು. ಈಗ ಮುಷ್ಟಿ ಬಿಚ್ಚಿ ಅಂಗೈಲಿ ಹೆಬ್ಬೆರಳ ಬುಡ ಮುಟ್ಟು. ಹಂಗಿದ್ರೆ ಬರೀ ಕೊಬ್ಬು, ಎಲೇಲಿ ತುಪ್ಪ ಹರಿದಂಗೆ ಹರಿಯುತ್ತೆ. ಮುಂಗೈ ಮೇಲ್ಭಾಗ ಇದ್ಯಲ್ಲ, ಮೂಳೆ ಇದೆ ಅಂತ ಗೊತ್ತಾಗ್ಬೇಕು, ಚುಚ್ಚಬಾರ್ದು. ಅದು ಹದ. ಉಣ್ಣೆ ಸರಿಸಿ ತೊಗಲಿಗೆ ಬೆರಳು ಊರು. ಏನು ಹೇಳುತ್ತೆ?"

ರಾಮಮ್ಮ ಉಣ್ಣೆಯೊಳಗೆ ಬೆರಳು ಇಳಿಸಿದಳು. ತನ್ನ ಮುಷ್ಟಿ ಮುಟ್ಟಿಕೊಂಡಳು. ಮತ್ತೆ ಟಗರು ಮುಟ್ಟಿದಳು.

"ಗೆಣ್ಣು."

"ಸರಿಯಾಗಿ ನೋಡೇ. ಇನ್ನೊಂದು ಸಲ."

"ಎಷ್ಟು ಸಲ ಒತ್ತಿದ್ರೂ ಗೆಣ್ಣು ಗೆಣ್ಣೇ. ಇದು ಬರೀ ಉಣ್ಣೆ ಕಣ್ರೀ, ಒಳಗೆ ಏನೂ ಇಲ್ಲ."

ಇನ್ನೆರಡೂ ಅಂಥವೇ. ಪರಂಗಿಕಾಯಿ ಅರೆದು ಹಚ್ಚಿ ಬೇಯಿಸುತ್ತೇನೆ, ಮೆತ್ತಗಾಗುತ್ತದೆ ಎಂದು ರಾಮಮ್ಮ ಸಮಾಧಾನ ಹೇಳಿದಳು. "ಮೆತ್ತಗಾಗೋಕೆ ಮಾಂಸ ಇರ್ಬೇಕಲ್ಲೇ" ಎಂದು ಬೈರಪ್ಪ ಚಪ್ಪಲಿ ಮೆಟ್ಟಿದ. ಕೆರೆಯ ಏರಿಯ ಮೇಲೆ ಹೋದ, ಬಂದ, ಮತ್ತೆ ಹೋದ. ಟಗರುಗಳನ್ನು ತಿರುಗಿ ಕೊಡಬೇಕೆಂದರೆ ಕಾರಣ ಹೇಳಬೇಕು. ಬೈರಪ್ಪ ಹಿಡಿದ ಟಗರು ಚೆನ್ನಾಗಿಲ್ಲ ಎಂದು ಬೈರಪ್ಪನೇ ಹೇಳಬೇಕು. ಹೇಳದಿದ್ದರೆ ನಾಳೆ ಮೂಳೆಯ ಮೇಲೆ ತೊಗಲಿದ್ದ ಹಾಗೆ ಒಂದು ತುಂಡು ದೊಡ್ಡಹನುಮಯ್ಯನ ಎಲೆಗೆ ಬೀಳುತ್ತದೆ, ಹೊಸದಾಗಿ ಬಂದ ಸೊಸೆ ತವರಿನವರ ಮುಂದೆ ತಲೆ ತಗ್ಗಿಸುತ್ತಾಳೆ. ಅದೂ ಹೋಗಲಿ ಎಂದರೆ, ಮುನಿರಾಮಯ್ಯ ಇವನ ಕೈ ನಂಬಿಕೊಂಡು ಒಂದನ್ನು ಎಳೆದೊಯ್ದಿದ್ದಾನೆ.

ಏರಿ ಇಳಿದು ಬಂದವನೇ ಹೆಂಡತಿಗೆ "ಸೆರಗು ಕಟ್ಟು, ನಡಿ" ಎಂದ.

ಒಂದು ಗೂಡ್ಸ್ ಆಟೋದಲ್ಲಿ ಟಗರುಗಳನ್ನು ತುಂಬಿಕೊಂಡು ದಾರಿಯಲ್ಲಿ ಮುನಿರಾಮಯ್ಯನನ್ನೂ ಅವನ ಟಗರನ್ನೂ ಹತ್ತಿಸಿಕೊಂಡು ಕೆಂಗೇರಿ ಸೇರಿದರು. ಯಾಕೆ ಏನು ಎಂದು ಮುನಿರಾಮಯ್ಯ ಕೇಳಿದ್ದಕ್ಕೆ ಬೈರಪ್ಪ ಬರೀ ಹೂಂ, ಹೂಂ ಎನ್ನುತ್ತಿದ್ದ. ಕೆಂಪಯ್ಯನ ಮನೆಯ ಹಿಂದಿನ ದೊಡ್ಡಿಯಲ್ಲಿ ನಾಲ್ಕಾರು ಗಿರಾಕಿಗಳು ಬೀಡಿ ಸೇದುತ್ತಾ ನಿಂತಿದ್ದರು. ಬೈರಪ್ಪನನ್ನು ಕಂಡು ದಾರಿ ಬಿಟ್ಟರು.

"ಕೆಂಪಯ್ಯ, ಇವನ್ನ ಬದಲಾಯ್ಸಿ ಕೊಡು. ನಾನು ಬೆನ್ನು ನೋಡಿ ಹಿಡೀಲಿಲ್ಲ, ಉಣ್ಣೆ ನೋಡಿ ಹಿಡ್ದೆ. ನನ್ನ ಬೆರಳು ಹೋಗವೆ. ಚಳಿಗಾಲದಿಂದ ಏನೂ ತಿಳಿಯಲ್ಲ. ಮುನಿರಾಮ, ನಿಂದೂ ಅಷ್ಟೆ ಕಣಪ್ಪ. ಕೊಟ್ಬಿಡು."

ಮುನಿರಾಮಯ್ಯ ಒಮ್ಮೆ ಬೈರಪ್ಪನ ಕೈ ನೋಡಿದ, ಒಮ್ಮೆ ತನ್ನ ಟಗರಿನ ಬೆನ್ನು ನೋಡಿದ. "ಅಯ್ಯೋ ನಿನ್ನ, ಬಸ್ಸಲ್ಲೇ ಹೇಳೋದಲ್ವಾ" ಎಂದ ಅಷ್ಟೆ.

ಬೈರಪ್ಪ ಕೆಂಪಯ್ಯನ ಕಡೆ ತಿರುಗಿದ. "ನಿನಗೆ ಟವೆಲ್ ಕೆಳಗೇ ಗೊತ್ತಾಯ್ತು. ಗೊತ್ತಾಗಿ ಯಾಕೆ ಸುಮ್ನಿದ್ದೆ?"

"ಕಿವಿ ಹಿಡಿದೋನು ನೀನು. ನೀನು ಹಿಡಿದ ಮೇಲೆ ನಾನ್ಯಾಕಪ್ಪ ಬಾಯಿ ಬಿಡ್ಲಿ? ಇಷ್ಟು ವರ್ಷ ಸಂತೇಲಿ ನನ್ನ ಮಾತಿಗೆ ಕೈ ಒರೆಸ್ಕೊಂಡು ಹೋದೆ. ಒಂದು ಸಲನಾದ್ರೂ ಕೆಂಪಯ್ಯ, ನೀನೇನಂತೀಯ ಅಂತ ಕೇಳಿದ್ಯಾ?"

ಅಷ್ಟರಲ್ಲಿ ರಾಮಮ್ಮ ಸೆರಗು ಬಿಗಿದು ದೊಡ್ಡಿಯ ಬೇಲಿ ದಾಟಿಯಾಗಿತ್ತು.

"ಅಕ್ಕ, ಹೆಂಗಸ್ರು ದೊಡ್ಡಿ ಒಳಗೆ..." ಎಂದು ಕೆಂಪಯ್ಯ ಎಳೆದ.

"ಬೇಯ್ಸೋಳು ನಾನು, ತಿನ್ನೋರು ಬೀಗ್ರು. ನಿಂಗೇನಣ್ಣ ಕಷ್ಟ?"

ಯಾರೋ ಕಿಸಕ್ಕೆಂದರು. ಅವಳು ತಿರುಗಿ ನೋಡಲಿಲ್ಲ. ಒಂದೊಂದಾಗಿ ಬೆನ್ನು ಅದುಮುತ್ತಾ, ನಡುವೆ ತನ್ನ ಮುಂಗೈ ಮುಟ್ಟಿಕೊಳ್ಳುತ್ತಾ ಹೋದಳು. ಬೇಲಿಯ ಹೊರಗೆ ಬೈರಪ್ಪನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. "ಬಾಲದ ಬುಡ ನೋಡು. ಪಕ್ಕೆ ಹಿಂದೆ ನೋಡು. ಅಷ್ಟು ಜೋರಾಗಿ ಅದುಮ್ಬೇಡ" ಎಂದು ಬೇಲಿಯುದ್ದಕ್ಕೂ ಅವಳ ಜೊತೆಗೇ ಓಡಾಡುತ್ತಿದ್ದ. ಕೊನೆಗೆ ಅವಳು ನಿಂತದ್ದು ಒಂದು ಕುಳ್ಳ ಟಗರಿನ ಮುಂದೆ. ಉಣ್ಣೆ ಕತ್ತರಿಸಿ ಬೋಳಾಗಿತ್ತು. ಒಂದು ಕೊಂಬು ಮುರಿದಿತ್ತು.

"ಅದಾ? ಬೀಗ್ರ ಮುಂದೆ ಕಟ್ಟಿದ್ರೆ ನಗ್ತಾರೆ ಕಣೇ!"

"ಬೀಗ್ರು ಕೊಂಬು ತಿಂತಾರಾ?"

ಕೆಂಪಯ್ಯ ಮೊದಲ ಸಲ ನಕ್ಕ. ತಾನಾಗಿ ಬೇಲಿಯೊಳಗೆ ಹೋಗಿ, "ಅಕ್ಕ, ಅದರ ಜೊತೇದು ಆ ಮೂಲೇಲಿದೆ, ಅದನ್ನೂ ಮುಟ್ಟಿ ನೋಡಿ" ಎಂದ. ಬೈರಪ್ಪ ಬಾಯಿ ತೆರೆದವನು ಮುಚ್ಚಿಕೊಂಡ. ಆಮೇಲೆ, ಬಲು ಕಷ್ಟದಿಂದ, "ಕೆಂಪಯ್ಯ, ನೀನೇನಂತೀಯ?" ಎಂದ.

"ಒಳ್ಳೇವು, ತಗೊಂಡ್ಹೋಗು" ಎಂದ ಕೆಂಪಯ್ಯ, ರಾಮಮ್ಮ ಆರಿಸಿದ ನಾಲ್ಕರ ಹಗ್ಗವನ್ನೂ ಬಿಚ್ಚುತ್ತಾ.

ಭಾನುವಾರ ಲಾರಿ ಬಂತು. ಸೈಟಿನ ಖಾಲಿ ಜಾಗದಲ್ಲಿ ಚಪ್ಪರ, ಚಾಪೆಯ ಸಾಲು, ಮುತ್ತುಗದ ಎಲೆ. ಬೈರಪ್ಪ ಬೆಳಗಿನಿಂದ ಏನೂ ತಿಂದಿರಲಿಲ್ಲ. ಒಲೆಗೂ ಚಪ್ಪರಕ್ಕೂ ತಿರುಗಿ ಅವನ ಪಂಚೆಯ ಅಂಚು ಮಣ್ಣಾಗಿತ್ತು. ದೊಡ್ಡಹನುಮಯ್ಯನ ಎಲೆಗೆ ಸೊಂಟದ ತುಂಡು ಬಿತ್ತು. ಅವನು ಅದನ್ನು ತಿನ್ನಲಿಲ್ಲ. ತುಂಡಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದ. ಬೈರಪ್ಪ ಸಾರಿನ ಬಕೆಟ್ಟು ಹಿಡಿದವನು ಅಲ್ಲೇ ನಿಂತ. ತುಂಡು ಎಳೆಎಳೆಯಾಗಿ ಬಿಚ್ಚಿಕೊಂಡಿತು. ದೊಡ್ಡಹನುಮಯ್ಯ ಒಂದು ಎಳೆ ಬಾಯಿಗಿಟ್ಟು ಕಣ್ಣು ಮೇಲೆತ್ತಿದ.

"ಬೀಗ್ರೇ, ನಿಮ್ಮ ಕೈ ಬಗ್ಗೆ ಕೇಳಿದ್ದು ಸುಳ್ಳಲ್ಲ ಬಿಡಿ."

ಆ ಮಾತನ್ನು 'ಹೂಂ' ಎಂದು ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಾಲಿನಲ್ಲಿ ಕೂತವರಲ್ಲಿ ಯಾರಿಗೂ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಬೈರಪ್ಪ ಬಕೆಟ್ಟನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ.

"ನನ್ನ ಕೈ ಅಲ್ಲ ಬೀಗ್ರೇ. ನನ್ನ ಕೈ ಹೋಯ್ತು. ಇವನ್ನ ಹಿಡಿದೋಳು ನಿಮ್ಮ ಬೀಗಿತ್ತಿ."

ದೊಡ್ಡಹನುಮಯ್ಯ ತಮಾಷೆಯೆಂದು ನಕ್ಕ. ಬೈರಪ್ಪ ನಗಲಿಲ್ಲ. ಅವನ ಬೆರಳ ತುದಿಯ ಸುಟ್ಟ ಕಲೆಗಳನ್ನು ನೋಡಿ ದೊಡ್ಡಹನುಮಯ್ಯನ ನಗು ನಿಂತಿತು. ಆಮೇಲೆ, "ಹಂಗಾದ್ರೆ ನೀವು ಸರೀರಿ ಅತ್ಲಾಗೆ. ಬೀಗಿತ್ತೀನ ಕರೀರಿ, ಅವರೇ ಇನ್ನೊಂದು ಹಾಕ್ಲಿ" ಎಂದು ಎಲೆಯನ್ನು ಮುಂದಕ್ಕೆ ತಳ್ಳಿದ.

ಆಷಾಢ ಕಳೆದ ಮೇಲೆ ಆರ್‌ಪಿಸಿ ಲೇಔಟಿನ ಒಂದು ಮನೆಯಿಂದ ಟಗರಿಗೆ ಕರೆ ಬಂತು. ಬಂದವನು ಜಗಲಿಯಲ್ಲಿ ನಿಂತು "ಅಕ್ಕ ಇದಾರಾ?" ಎಂದ. ಬೈರಪ್ಪ ತನ್ನನ್ನು ಯಾರೂ ಕರೆಯದಿದ್ದರೂ ಪಂಚೆ ಉಟ್ಟು ಮುಂದೆ ನಡೆದ. ಸಂತೆಯಲ್ಲಿ ಒಂದು ಬಿಳಿಯ ಟಗರು ಅವನ ಕಣ್ಣಿಗೆ ಬಿತ್ತು. ಅದೇ ಸರಿ, ಅದನ್ನೇ ಹಿಡಿ ಎಂದು ಹಟ ಹಿಡಿದ. ರಾಮಮ್ಮ ಅದರ ಬೆನ್ನು ಅದುಮಿ, ಒಂದು ಮಾತೂ ಆಡದೆ ಬೇರೊಂದನ್ನು ಆರಿಸಿದಳು. ಬೈರಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಬರುವಾಗ ಬಸ್ಸಿನಲ್ಲಿ ಜಾಗವಿದ್ದರೂ ಕೂರಲಿಲ್ಲ. ಕಂಬಿ ಹಿಡಿದು ಅವಳಿಗೆ ಬೆನ್ನು ಮಾಡಿ ನಿಂತ. ನಾಯಂಡಹಳ್ಳಿ ದಾಟುವವರೆಗೂ ತುಟಿ ಬಿಚ್ಚಲಿಲ್ಲ. ದಾಟಿದ ಮೇಲೆ ತಡೆಯಲಾಗದೆ ಬಗ್ಗಿ ಕೇಳಿದ.

"ಆ ಬಿಳೀದು... ಬಾಲದ ಬುಡ ಹೆಂಗಿತ್ತೇ?"

"ಮೊದ್ಲು ಕೂತ್ಕೊಳ್ಳಿ. ಹೇಳ್ತೀನಿ" ಎಂದಳು ರಾಮಮ್ಮ, ಕಿಟಕಿಯ ಕಡೆ ಸರಿದು ಜಾಗ ಮಾಡುತ್ತಾ.